ರಾತ್ರಿ ಡ್ಯೂಟಿಯಲ್ಲಿ ಸೂಜಿ ಚುಚ್ಚಿತು, "ಬರೆಯಬೇಡ" ಅಂತಾರೆ. ಏನು ಮಾಡಲಿ?

ಮೂರನೇ ಮಹಡಿ ಸಿಸ್ಟರ್ (ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿರುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ಜಿಎನ್‌ಎಂ ಮುಗಿಸಿ ಮೂರು ವರ್ಷ ಆಯಿತು. ಒಂದು ಜಿಲ್ಲಾ ಕೇಂದ್ರದಲ್ಲಿ 60 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಆಸ್ಪತ್ರೆ ಹೆಸರು ಮಾತ್ರ ಕೇಳಬೇಡಿ.

ನಿನ್ನೆ ಬೆಳಗಿನ ಜಾವ 4 ಗಂಟೆ ಹೊತ್ತು. ವಾರ್ಡಿನಲ್ಲಿ 23 ಪೇಷಂಟ್, ನಾವಿಬ್ಬರೇ. ಜೊತೆಯವಳು ಒಬ್ಬರನ್ನು ಐಸಿಯುಗೆ ಶಿಫ್ಟ್ ಮಾಡಲು ಹೋಗಿದ್ದಳು. ಬೆಡ್ 9ರ ತಾತನಿಗೆ ಸ್ಯಾಂಪಲ್ ತೆಗೆಯಬೇಕಿತ್ತು. ಎರಡು ದಿನದಿಂದ ಅವರಿಗೆ ಮಂಪರು, ಮಗಳನ್ನೂ ಗುರುತು ಹಿಡಿಯುತ್ತಿರಲಿಲ್ಲ. ರಕ್ತ ಬಂತು, ಸೂಜಿ ಹೊರಗೆ ತೆಗೆದೆ, ಹತ್ತಿ ಒತ್ತಬೇಕು ಅನ್ನುವಷ್ಟರಲ್ಲಿ ತಾತ ಕೈ ಜಾಡಿಸಿದರು. ಸೂಜಿ ನನ್ನ ಎಡಗೈ ತೋರುಬೆರಳಿಗೆ ಗ್ಲೌಸ್ ಸಮೇತ ಹೊಕ್ಕಿತು. ಗ್ಲೌಸ್ ತೆಗೆದರೆ ಒಳಗೆ ಒಂದು ಹನಿ ರಕ್ತ. ಅದು ನನ್ನದಾ ತಾತನದಾ ಅಂತ ನೋಡುತ್ತಾ ನಿಂತುಬಿಟ್ಟೆ. ಅಷ್ಟರಲ್ಲಿ ಬೆಡ್ 14ರವರು ಡ್ರಿಪ್ ಮುಗಿಯಿತು ಅಂತ ಕೂಗಿದರು. ಸ್ಪಿರಿಟ್ ಹಾಕಿ, ಬೆರಳು ಹಿಂಡಿ, ಹೊಸ ಗ್ಲೌಸ್ ಹಾಕಿಕೊಂಡು ಹೋದೆ.

ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. "ಎಲ್ಲರಿಗೂ ಚುಚ್ಚುತ್ತೆ, ನನಗೆ ಎಷ್ಟು ಸಲ ಚುಚ್ಚಿದೆ ಗೊತ್ತಾ? ಮುಂದಿನ ತಿಂಗಳು ಇನ್‌ಸ್ಪೆಕ್ಷನ್ ಇದೆ. ಬರೆದರೆ ನಿನ್ನ ಅಜಾಗರೂಕತೆ ಅಂತಲೇ ಆಗುತ್ತೆ, ಬರೆಯಬೇಡ" ಅಂದರು. ತಾತ ಬಂದಿದ್ದು ಲಿವರ್ ತೊಂದರೆಗೆ, ಹೊಟ್ಟೆಯಲ್ಲಿ ನೀರು ತುಂಬಿದೆ. ಅವರ ಫೈಲಿನಲ್ಲಿ ಹೆಪಟೈಟಿಸ್, ಎಚ್‌ಐವಿ ಯಾವ ರಿಪೋರ್ಟೂ ಇಲ್ಲ. ನನಗೆ ಕಾಲೇಜಿನಲ್ಲಿ ಹೆಪಟೈಟಿಸ್ ಬಿ ಲಸಿಕೆ ಎರಡು ಡೋಸ್ ಆಗಿತ್ತು, ಮೂರನೆಯದು ಪರೀಕ್ಷೆ ಗಲಾಟೆಯಲ್ಲಿ ಬಿಟ್ಟುಹೋಯಿತು.

ಮನೆಯಲ್ಲಿ ಹೇಳಿಲ್ಲ. ಅಕ್ಕನ ಮಗು ಎತ್ತಿಕೋ ಅಂತ ಬಂದರೆ ಎತ್ತಿಕೊಳ್ಳಲೂ ಭಯ. ಸುಮ್ನೆ ಹೆದರುತ್ತಿದ್ದೇನಾ, ಇಲ್ಲ ಏನಾದರೂ ಮಾಡಬೇಕಾ?

ಹಳೇ ಸಿಸ್ಟರಮ್ಮ (ರಾತ್ರಿ 9:20)

ಮಗಳೇ, ಮೊದಲು ಗಡಿಯಾರ ನೋಡು. ಚುಚ್ಚಿ 41 ಗಂಟೆ ಆಗಿದೆ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆ ಒಳಗೆ ಶುರು ಮಾಡಬೇಕು. ನಿಜ ಹೇಳಬೇಕೆಂದರೆ ಎರಡು ಗಂಟೆ ಒಳಗೆ ಆಗಬೇಕಿತ್ತು, ಆದರೆ ಈಗಲೂ ಸಮಯ ಇದೆ. ನಾಳೆ ಬೆಳಿಗ್ಗೆ ಅನ್ನಬೇಡ, ಈಗಲೇ ಹೊರಡು. ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ "ನಾನು ಸ್ಟಾಫ್ ನರ್ಸ್, ಸೂಜಿ ಚುಚ್ಚಿದೆ, ಪಿಇಪಿ ಬೇಕು" ಅಂತ ನೇರವಾಗಿ ಹೇಳು. ಮಾತ್ರೆಗೆ ದುಡ್ಡಿಲ್ಲ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು.

ಮಿಕ್ಕ ಮಾತು ಆಮೇಲೆ.

ಡ್ಯೂಟಿ ಡಾಕ್ಟರ್ (ರಾತ್ರಿ 9:34)

ಸಿಸ್ಟರಮ್ಮ ಹೇಳಿದ್ದು ಸರಿ. ನಾನು ಕ್ಯಾಶುವಾಲ್ಟಿಯಲ್ಲೇ ಕೆಲಸ ಮಾಡುವವನು, ಸ್ವಲ್ಪ ವಿವರ ಹೇಳುತ್ತೇನೆ.

ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಹೆಚ್ಚುಕಡಿಮೆ 300ಕ್ಕೆ ಒಂದು ಸಲ. ಇಲ್ಲಿ ತಾತನಿಗೆ ಇದೆಯೋ ಇಲ್ಲವೋ ಅದೇ ಗೊತ್ತಿಲ್ಲ. ಹಾಗಾಗಿ ಇವತ್ತು ರಾತ್ರಿ ಅಳುತ್ತಾ ಕೂರುವಷ್ಟು ಇಲ್ಲ, ಆದರೆ ಬಿಡುವಂತೆಯೂ ಇಲ್ಲ. ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಹೆಪಟೈಟಿಸ್ ಬಿ ಬಗ್ಗೆ. ಲಸಿಕೆಯ ರಕ್ಷಣೆ ಇಲ್ಲದವರಿಗೆ ಅದು 100ಕ್ಕೆ 6ರಿಂದ 30ರವರೆಗೂ ತಗಲಬಹುದು. ತಾತನ ಲಿವರ್ ತೊಂದರೆಗೆ ಅದೇ ಕಾರಣ ಆಗಿರಬಹುದು, ಇಲ್ಲದೆಯೂ ಇರಬಹುದು. ಮಗಳ ಒಪ್ಪಿಗೆ ತೆಗೆದುಕೊಂಡು ಅವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರೂ ಟೆಸ್ಟ್ ಮಾಡಿಸಲು ಹೇಳಿ. ತಾತನಿಗೆ ಬಿ ಪಾಸಿಟಿವ್ ಬಂದರೆ ನಿಮಗೆ ಹೆಪಟೈಟಿಸ್ ಬಿ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಇಂಜೆಕ್ಷನ್ ಬೇಕಾಗುತ್ತದೆ. 24 ಗಂಟೆ ಒಳಗೆ ಆದರೆ ಒಳ್ಳೆಯದು, 7 ದಿನದವರೆಗೂ ಕೊಡುತ್ತಾರೆ. ಬಿಟ್ಟುಹೋದ ಲಸಿಕೆಯನ್ನೂ ಅದರ ಜೊತೆಗೇ ಹಾಕಿಸಿಕೊಳ್ಳಿ.

ಇನ್ನೊಂದು. ನಿಮ್ಮ ರಕ್ತವನ್ನೂ ಇವತ್ತೇ ಪರೀಕ್ಷೆ ಮಾಡಿಸಿ, ರಿಪೋರ್ಟ್ ಇಟ್ಟುಕೊಳ್ಳಿ. "ಚುಚ್ಚಿದ ಹೊತ್ತಿಗೆ ನನಗೆ ಏನೂ ಇರಲಿಲ್ಲ" ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಇರುವ ಸಾಕ್ಷಿ ಅದೊಂದೇ.

ಮಗುವನ್ನು ಧೈರ್ಯವಾಗಿ ಎತ್ತಿಕೊಳ್ಳಿ. ಎತ್ತಿಕೊಂಡರೆ, ಊಟ ಮಾಡಿಸಿದರೆ ಇದು ಯಾವುದೂ ಹರಡುವುದಿಲ್ಲ.

ಮೂರನೇ ಮಹಡಿ ಸಿಸ್ಟರ್ (ರಾತ್ರಿ 9:41)

ಅಣ್ಣನಿಗೆ ಹೇಳಿದೆ. ಹೊರಟೆವು.

ಹಳೇ ಸಿಸ್ಟರಮ್ಮ (ರಾತ್ರಿ 10:25)

ಅವಳು ಹೋಗಿ ಬರಲಿ. ಉಳಿದವರಿಗೆ ಒಂದು ಮಾತು ಹೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ 31 ವರ್ಷ ಕೆಲಸ ಮಾಡಿದೆ, ಕೊನೆಯ ಎಂಟು ವರ್ಷ ಸೋಂಕು ನಿಯಂತ್ರಣದ ಕೆಲಸ. ನಾನು ಸೇರಿದಾಗ ಗಾಜಿನ ಸಿರಿಂಜ್ ಕುದಿಸಿ ಬಳಸುತ್ತಿದ್ದೆವು, ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜುತ್ತಿದ್ದೆವು. ಆಮೇಲೆ ಪ್ಲಾಸ್ಟಿಕ್ ಬಂತು. ಇಂಜೆಕ್ಷನ್ ಆದ ಮೇಲೆ ಮುಚ್ಚಳ ಹಾಕಿಡುವುದೇ ಶಿಸ್ತು ಅಂತ ನಮಗೆ ಕಲಿಸಿದರು, ನಾವೂ ಹಾಗೇ ಕಲಿಸಿದೆವು. ಆ ಮುಚ್ಚಳ ಹಾಕಲು ಹೋಗಿಯೇ ಎಷ್ಟು ಬೆರಳುಗಳಿಗೆ ಚುಚ್ಚಿತೋ ಲೆಕ್ಕವಿಲ್ಲ. ನನ್ನ ಜೊತೆಯವಳೊಬ್ಬಳು ಹೆಪಟೈಟಿಸ್ ಬಿ ಆಗಿ ಲಿವರ್ ಹಾಳಾಗಿ 46ನೇ ವಯಸ್ಸಿಗೆ ಹೋದಳು. ಅವಳಿಗೆ ಯಾವ ಸೂಜಿ, ಯಾವ ವರ್ಷ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲೂ ಬರೆದಿರಲಿಲ್ಲ. ಬರೆಯದೇ ಇದ್ದುದರಿಂದ ಆಕೆಯ ಗಂಡ ಪರಿಹಾರಕ್ಕೆ ಅರ್ಜಿ ಹಾಕಲು ಹೋದಾಗ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಮುಚ್ಚಳ ಹಾಕಬೇಡಿ. ಹಾಕಲೇಬೇಕಾದ ಕಡೆ ಮುಚ್ಚಳವನ್ನು ಟ್ರೇ ಮೇಲೆ ಇಟ್ಟು ಒಂದೇ ಕೈಯಲ್ಲಿ ಸೂಜಿಯಿಂದ ಎತ್ತಿಕೊಳ್ಳಿ, ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಅಷ್ಟೇ. ಹಿಂಡಬಾರದು, ಬಾಯಿಗೆ ಇಟ್ಟು ಚೀಪಬಾರದು, ಬ್ಲೀಚ್ ಹಾಕಬಾರದು. ಈ ಹುಡುಗಿ ಸ್ಪಿರಿಟ್ ಹಾಕಿ ಹಿಂಡಿದ್ದಾಳೆ. ತಪ್ಪು ಅವಳದಲ್ಲ, ಯಾರೂ ಹೇಳಿಕೊಟ್ಟಿಲ್ಲ.

ಧಾರವಾಡದ ಬ್ರದರ್ (ರಾತ್ರಿ 10:50)

ನಾನು ಮೇಲ್ ನರ್ಸ್. ವಾರ್ಡಿನಲ್ಲಿ ಎಲ್ಲರೂ ಬ್ರದರ್ ಅಂತಾರೆ. ಸೂಜಿ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳಬೇಕು, ಯಾಕಂದರೆ ಇದರ ಲೆಕ್ಕವನ್ನೂ ಯಾರೂ ಇಡುವುದಿಲ್ಲ. ಬೆನ್ನು.

ಗಂಡಸು ಅಂದ ತಕ್ಷಣ "ಬ್ರದರ್ ಬರ್ರಿ, ಸ್ವಲ್ಪ ಎತ್ತರಿ." ಆರ್ಥೋ ವಾರ್ಡ್, ನಂತರ ಐಸಿಯು, ಒಟ್ಟು ಏಳು ವರ್ಷ ಎತ್ತಿದೆ. 90 ಕೆಜಿ ಪೇಷಂಟನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅದಕ್ಕೆ ನಾಲ್ಕು ಜನ ಬೇಕು. ಇರುವುದು ನಾನು, ಒಬ್ಬ ಆಯಾ. ಮಂಚದ ಎತ್ತರ ಬದಲಿಸುವ ಹ್ಯಾಂಡಲ್ ತುಕ್ಕು ಹಿಡಿದು ಎರಡು ವರ್ಷ ಆಗಿತ್ತು, ಹಾಗಾಗಿ ಬಗ್ಗಿಯೇ ಎತ್ತಬೇಕು. ಒಂದು ದಿನ ಎತ್ತುವಾಗ ಸೊಂಟದಲ್ಲಿ ಕಟ್ ಅಂದಿತು. ಪೇಷಂಟನ್ನು ಕೈ ಬಿಡುವ ಹಾಗಿಲ್ಲ, ಹಾಸಿಗೆ ಮೇಲೆ ಇಳಿಸಿ ಅಲ್ಲೇ ಕೂತೆ. ಡಿಸ್ಕ್ ಜಾರಿತ್ತು. ಆರು ವಾರ ಮಲಗಿದೆ, ಮೂರು ವಾರದ ಸಂಬಳ ಕಟ್. ಈಗ ಬಗ್ಗಿ ಮಗಳ ಶೂ ಲೇಸ್ ಕಟ್ಟಲು ಆಗುವುದಿಲ್ಲ. ನನಗೆ 34.

ಸ್ಲೈಡ್ ಶೀಟ್ ಅಂತ ನುಣುಪು ಬಟ್ಟೆ ಬರುತ್ತದೆ, ಅದನ್ನು ಪೇಷಂಟ್ ಕೆಳಗೆ ಹಾಕಿದರೆ ಎತ್ತದೆ ಎಳೆಯಬಹುದು. ಅದನ್ನು ನಾನು ಮೊದಲ ಸಲ ನೋಡಿದ್ದು ಫಿಸಿಯೋಥೆರಪಿಗೆ ಹೋದಾಗ, ಪೇಷಂಟ್ ಆಗಿ.

ಮಂಗಳೂರು ಟು ಲೀಡ್ಸ್ (ರಾತ್ರಿ 11:15)

ಇಲ್ಲಿ ಇಂಗ್ಲೆಂಡಿನಲ್ಲಿ ಪೇಷಂಟನ್ನು ಕೈಯಿಂದ ಎತ್ತಲು ಬಿಡುವುದೇ ಇಲ್ಲ ಬ್ರದರ್. ಹಾಯ್ಸ್ಟ್ (ಪೇಷಂಟನ್ನು ಎತ್ತುವ ಯಂತ್ರ) ಇದೆ, ಸ್ಲೈಡ್ ಶೀಟ್ ಇದೆ, ಪ್ರತಿ ವಾರ್ಡಿನಲ್ಲೂ. ಬಂದ ಹೊಸದರಲ್ಲಿ ಊರಿನ ರೂಢಿಯಂತೆ ಒಬ್ಬ ಅಜ್ಜಿಯ ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ. ಸೀನಿಯರ್ ಓಡಿಬಂದು ತಡೆದಳು. ಆ ಅಜ್ಜಿಯ ಭುಜಕ್ಕೂ ಪೆಟ್ಟು, ನಿನ್ನ ಬೆನ್ನಿಗೂ ಪೆಟ್ಟು ಅಂದಳು. ಬಳಸಿದ ತಕ್ಷಣ ಮೊನೆ ಒಳಗೆ ಹೋಗುವ ಸೂಜಿಗಳನ್ನು ಆಸ್ಪತ್ರೆಗಳು ಸಾಧ್ಯವಿದ್ದ ಕಡೆಯೆಲ್ಲ ಕೊಡಬೇಕು ಅಂತ 2013ರಿಂದ ಇಲ್ಲಿ ನಿಯಮವೇ ಇದೆ. ಚುಚ್ಚಿದರೆ ರಿಪೋರ್ಟ್ ಮಾಡದೇ ಇರುವುದು ತಪ್ಪು, ಮಾಡುವುದು ತಪ್ಪಲ್ಲ.

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ. ಸಂಬಳ, ಸಿಬ್ಬಂದಿ ಕೊರತೆ ಅಂತ 2022ರ ಡಿಸೆಂಬರಿನಲ್ಲಿ ಇಲ್ಲಿನ ನರ್ಸ್‌ಗಳೂ ಮುಷ್ಕರ ಮಾಡಿದರು. 12 ಗಂಟೆ ನಿಂತ ಕಾಲು ಎಲ್ಲಿದ್ದರೂ ಊದುತ್ತದೆ.

ತುಮಕೂರು ರಸ್ತೆ (ರಾತ್ರಿ 11:40)

ಬೇಸರ ಮಾಡಿಕೊಳ್ಳಬೇಡಿ, ನಾನು ಪೇಷಂಟ್ ಕಡೆಯವನು. ಹೋದ ತಿಂಗಳು ಅಮ್ಮನನ್ನು 9 ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಸಿಸ್ಟರ್‌ಗಳು ಕರೆದರೆ ಬರುವುದಿಲ್ಲ, ಬಂದರೂ ಮುಖ ಗಂಟು. ಡ್ರಿಪ್ ಮುಗಿದು ರಕ್ತ ಪೈಪಿಗೆ ವಾಪಸ್ ಬಂದಿತ್ತು, ನಾಲ್ಕು ಸಲ ಕರೆದೆ. ನಿಮ್ಮ ಕಷ್ಟ ಇರಬಹುದು, ಆದರೆ ನಾವು ದುಡ್ಡು ಕಟ್ಟಿರುತ್ತೇವೆ, ನಮ್ಮ ಕಷ್ಟ ಯಾರಿಗೆ ಹೇಳಬೇಕು?

ಧಾರವಾಡದ ಬ್ರದರ್ (ರಾತ್ರಿ 11:52)

ಅಣ್ಣಾ, ನೀವು ಕರೆದಾಗ ಆ ಸಿಸ್ಟರ್ ಎಷ್ಟು ಪೇಷಂಟ್ ನೋಡುತ್ತಿದ್ದರು, ಕೇಳಿದ್ರಾ? ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಟೀಚಿಂಗ್ ಆಸ್ಪತ್ರೆಯ ವಾರ್ಡಿನಲ್ಲಿ 3 ಪೇಷಂಟಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ಪೇಷಂಟಿಗೆ ಒಬ್ಬರು ಇರಬೇಕು. ಮೇಲೆ ಬರೆದ ಹುಡುಗಿ ಆ ಹೊತ್ತಿಗೆ 23 ಜನರಿಗೆ ಒಬ್ಬಳೇ ಇದ್ದಳು. ನೀವು ಕಟ್ಟಿದ ದುಡ್ಡಿನಲ್ಲಿ ನರ್ಸ್ ಸಂಬಳಕ್ಕೆ ಎಷ್ಟು ಹೋಗುತ್ತದೆ ಅಂತ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ ನೋಡಿ.

ತುಮಕೂರು ರಸ್ತೆ (ರಾತ್ರಿ 11:58)

23 ಅಂತ ಗೊತ್ತಿರಲಿಲ್ಲ. ಅಮ್ಮನ ವಾರ್ಡಿನಲ್ಲಿ ರಾತ್ರಿ ಒಬ್ಬರೇ ಓಡಾಡುತ್ತಿದ್ದರು, ಈಗ ನೆನಪಾಗುತ್ತಿದೆ. ಮುಂದಿನ ಸಲ ದೂರು ಬರೆದರೆ ಸಿಸ್ಟರ್ ಮೇಲೆ ಬರೆಯುವುದಿಲ್ಲ, ಸಿಬ್ಬಂದಿ ಕಡಿಮೆ ಇದೆ ಅಂತ ಮ್ಯಾನೇಜ್‌ಮೆಂಟಿಗೆ ಬರೆಯುತ್ತೇನೆ.

ಹಳೇ ಸಿಸ್ಟರಮ್ಮ (ಮಧ್ಯರಾತ್ರಿ 12:05)

ಹಾಗೆ ಬರೆಯಿರಿ ಅಪ್ಪಾ. ನಾವು ಹೇಳಿದರೆ ಯಾರೂ ಕೇಳಲ್ಲ, ನೀವು ಬರೆದರೆ ಫೈಲಿಗೆ ಹೋಗುತ್ತದೆ.

ಮೂರನೇ ಮಹಡಿ ಸಿಸ್ಟರ್ (ಮಧ್ಯರಾತ್ರಿ 1:30)

ಬಂದೆ. ಕ್ಯಾಶುವಾಲ್ಟಿಯಲ್ಲಿ ಒಬ್ಬ ಜೂನಿಯರ್ ಡಾಕ್ಟರ್ ಇದ್ದರು, ಹೇಳಿದ ತಕ್ಷಣ ಅರ್ಥ ಮಾಡಿಕೊಂಡರು. ನನ್ನ ರಕ್ತ ತೆಗೆದುಕೊಂಡರು. ಮೊದಲ ಮಾತ್ರೆ ಅಲ್ಲೇ ನುಂಗಿಸಿದರು, 28 ದಿನ ತಪ್ಪಿಸಬಾರದು ಅಂತ ಹೇಳಿ ಬೆಳಿಗ್ಗೆ ಐಸಿಟಿಸಿಗೆ (ಎಚ್‌ಐವಿ ಪರೀಕ್ಷೆ, ಸಲಹಾ ಕೇಂದ್ರ) ಬರಲು ಚೀಟಿ ಬರೆದುಕೊಟ್ಟರು. ಹೆಪಟೈಟಿಸ್ ಲಸಿಕೆಯನ್ನೂ ಹಾಕಿದರು. ಮಾತ್ರೆ ನುಂಗಿದ ಮೇಲೆ ಕಾರಿಡಾರಿನಲ್ಲಿ ಕೂತು ತುಂಬಾ ಅತ್ತೆ. ಅಣ್ಣ ಬೈಯಲಿಲ್ಲ, ಟೀ ತಂದುಕೊಟ್ಟ.

ನಾಳೆ ರಾತ್ರಿ ಮತ್ತೆ ಡ್ಯೂಟಿ ಇದೆ. ತಾತನ ಮಗಳ ಹತ್ತಿರ ಹೇಗೆ ಕೇಳಲಿ ಅಂತಲೇ ಗೊತ್ತಾಗುತ್ತಿಲ್ಲ.

ಡ್ಯೂಟಿ ಡಾಕ್ಟರ್ (ಬೆಳಿಗ್ಗೆ 6:50)

ಇದ್ದದ್ದು ಇದ್ದ ಹಾಗೆ ಹೇಳಿ. "ಅಮ್ಮಾ, ನಿಮ್ಮ ಅಪ್ಪನ ಸೂಜಿ ನನಗೆ ಚುಚ್ಚಿದೆ. ಅವರಿಗೂ ಒಳ್ಳೆಯದು, ನನಗೂ ಒಳ್ಳೆಯದು, ಒಂದು ಟೆಸ್ಟ್ ಮಾಡಿಸೋಣ." ನನ್ನ ಅನುಭವದಲ್ಲಿ ಹೀಗೆ ಕೇಳಿದಾಗ ಬೇಡ ಅಂದವರು ತುಂಬಾ ಕಡಿಮೆ.

ಇನ್‌ಚಾರ್ಜ್ ಆಗಿರುವವಳು (ಬೆಳಿಗ್ಗೆ 8:40)

ಎರಡು ಸಲ ಬರೆದು ಅಳಿಸಿದೆ, ಆದರೂ ಹೇಳುತ್ತೇನೆ. ನಾನೂ ಒಂದು ಕಡೆ ಇನ್‌ಚಾರ್ಜ್. ನಾನೂ ಹಿಂದೆ ಒಬ್ಬ ಹುಡುಗಿಗೆ "ಬರೆಯಬೇಡ" ಅಂದಿದ್ದೇನೆ. ಯಾಕೆ ಅಂದೆ ಅಂದರೆ, ತಿಂಗಳ ಮೀಟಿಂಗಿನಲ್ಲಿ ಇನ್ಸಿಡೆಂಟ್ ರಿಪೋರ್ಟ್ ಜಾಸ್ತಿ ಇರುವ ವಾರ್ಡನ್ನು ನಿಲ್ಲಿಸಿ ಕೇಳುತ್ತಾರೆ. ಬರೆಯದ ವಾರ್ಡಿಗೆ ಚಪ್ಪಾಳೆ. ಆ ವಾರ್ಡಿನಲ್ಲಿ ಚುಚ್ಚಿಲ್ಲ ಅಂತಲ್ಲ, ಹೇಳಿಲ್ಲ ಅಷ್ಟೇ. ಶಾರ್ಪ್ಸ್ ಡಬ್ಬಿ ಮುಕ್ಕಾಲು ತುಂಬಿದಾಗ ಬದಲಿಸಬೇಕು, ಹೊಸದಕ್ಕೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿದರೆ "ಇನ್ನೂ ಜಾಗ ಇದೆಯಲ್ಲ" ಅಂತಾರೆ. ತುಂಬಿದ ಡಬ್ಬಿಗೆ ಸೂಜಿ ತುರುಕಲು ಹೋಗಿ ಚುಚ್ಚಿದರೆ ಆಗ ನರ್ಸ್ ಅಜಾಗರೂಕತೆ.

ಅವಳ ಇನ್‌ಚಾರ್ಜ್ ಮಾಡಿದ್ದು ತಪ್ಪು. ನಾನು ಮಾಡಿದ್ದೂ ತಪ್ಪು. ಆ ಹುಡುಗಿ ಈಗ ಬೇರೆ ಊರಿನಲ್ಲಿದ್ದಾಳೆ. ಇವತ್ತು ಫೋನ್ ಮಾಡಿ ಟೆಸ್ಟ್ ಮಾಡಿಸಿಕೊಂಡಳಾ ಅಂತ ಕೇಳುತ್ತೇನೆ.

ಕಾನೂನು ಓದಿದವನು (ಬೆಳಿಗ್ಗೆ 10:15)

ಆಸ್ಪತ್ರೆ ಕಾರ್ಮಿಕರ ಕೇಸು ನೋಡುತ್ತೇನೆ. ಬರೆಯಬೇಡ ಅನ್ನುವುದಕ್ಕೆ ಯಾರಿಗೂ ಹಕ್ಕಿಲ್ಲ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಈ ತ್ಯಾಜ್ಯ ಮುಟ್ಟುವ ಪ್ರತಿ ಸಿಬ್ಬಂದಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಜವಾಬ್ದಾರಿ. ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಅಂದರೆ ಈ ಸಿಸ್ಟರ್ ಸೇರಿದ ದಿನವೇ "ಮೂರನೇ ಡೋಸ್ ಆಗಿದೆಯಾ" ಅಂತ ಅವರು ಕೇಳಬೇಕಿತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇನ್ನೂ ನೇರ. ರಕ್ತ ತಗಲುವ ಅಪಾಯ ಇರುವ ಪ್ರತಿ ಆರೋಗ್ಯ ಸಂಸ್ಥೆಯೂ ಸಿಬ್ಬಂದಿಗೆ ಮುನ್ನೆಚ್ಚರಿಕೆ ಸಾಮಗ್ರಿ, ತರಬೇತಿ, ಪಿಇಪಿ ಮೂರನ್ನೂ ಕೊಡಬೇಕು ಅನ್ನುತ್ತದೆ.

ನಿಮ್ಮ ಸಂಬಳ 21,000ದ ಒಳಗಿದ್ದು, ನೌಕರರ ರಾಜ್ಯ ವಿಮೆ ಅಂದರೆ ಇಎಸ್‌ಐ ಕಟ್ ಆಗುತ್ತಿದ್ದರೆ ಇನ್ನೊಂದು ದಾರಿ ಇದೆ. ಆರೋಗ್ಯ ಸೇವೆ, ಲ್ಯಾಬ್ ಕೆಲಸದಲ್ಲಿ ತಗಲುವ ಸಾಂಕ್ರಾಮಿಕ ಕಾಯಿಲೆಗಳು ಇಎಸ್‌ಐ ಕಾಯ್ದೆಯ ಔದ್ಯೋಗಿಕ ರೋಗಗಳ (ಕೆಲಸದಿಂದ ಬರುವ ಕಾಯಿಲೆಗಳ) ಪಟ್ಟಿಯಲ್ಲಿದ್ದವು. ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆಯಲ್ಲೂ ಅದೇ ಪಟ್ಟಿ ಇತ್ತು. 2025ರ ನವೆಂಬರಿನಿಂದ ಈ ಎರಡೂ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆ ಪಟ್ಟಿ ಅದರಲ್ಲೂ ಇದೆ. ಆದರೆ ಕೇಳುವಾಗ ಕೈಯಲ್ಲಿ ಕಾಗದ ಬೇಕು. ಡಾಕ್ಟರ್ ಹೇಳಿದ ಮೊದಲ ದಿನದ ರಕ್ತದ ರಿಪೋರ್ಟ್, ಮತ್ತು ಘಟನೆ ಆದದ್ದಕ್ಕೆ ಬರಹ. ರಿಜಿಸ್ಟರಿನಲ್ಲಿ ಬರೆಸಲು ಬಿಡದಿದ್ದರೆ ಆಸ್ಪತ್ರೆಯ ಅಧಿಕೃತ ಇಮೇಲಿಗೆ ನಾಲ್ಕು ಸಾಲು ಬರೆದು ಕಳಿಸಿ. ದಿನ, ಗಂಟೆ, ಬೆಡ್ ನಂಬರ್, ಯಾರಿಗೆ ಹೇಳಿದೆ, ಅವರು ಏನಂದರು. ಬೈಯಬೇಡಿ, ಏನು ಆಯಿತೋ ಅಷ್ಟೇ ಬರೆಯಿರಿ.

ಹೊನ್ನಾವರದವಳು (ಮಧ್ಯಾಹ್ನ 2:30)

ನಮ್ಮ ಕಡೆ ಹುಡುಗಿಯರು ನರ್ಸಿಂಗ್ ಸೇರುತ್ತೇನೆ ಅಂದರೆ ಈಗಲೂ ದೊಡ್ಡವರು ಒಂದು ಹೆಸರು ತೆಗೆಯುತ್ತಾರೆ. ಅರುಣಾ ಶಾನಭಾಗ. ಹಳದೀಪುರದವರು, ನಮ್ಮ ತಾಲೂಕೇ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಬೇಸ್‌ಮೆಂಟಿನಲ್ಲಿ ಬಟ್ಟೆ ಬದಲಾಯಿಸುವಾಗ ಅಲ್ಲಿನದೇ ಒಬ್ಬ ವಾರ್ಡ್ ಬಾಯ್ ಅವರ ಮೇಲೆ ದಾಳಿ ಮಾಡಿದ. ಆಗ ಅವರಿಗೆ 25. 2015ರ ಮೇ 18ರಂದು ತೀರಿಕೊಳ್ಳುವವರೆಗೂ, ಹತ್ತಿರ ಹತ್ತಿರ 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಎಲ್ಲರೂ ದಯಾಮರಣದ ಕೇಸು ಅಂತ ನೆನಪಿಟ್ಟುಕೊಂಡಿದ್ದಾರೆ. ನನಗೆ ನೆನಪಿರುವುದು ಎರಡು ವಿಷಯ. ಒಂದು, ಆ ಘಟನೆ ಆದಾಗ ಮುಂಬೈಯ ನರ್ಸ್‌ಗಳು ಕೆಲಸ ನಿಲ್ಲಿಸಿ ಸುರಕ್ಷತೆ ಕೇಳಿದ್ದರು. ಎರಡು, ಹಾಸಿಗೆ ಖಾಲಿ ಮಾಡಿಸಿ ಅವರನ್ನು ಬೇರೆಡೆ ಕಳಿಸಲು ಪಾಲಿಕೆ ನೋಡಿದಾಗ ಅದೇ ನರ್ಸ್‌ಗಳು ಬಿಡಲಿಲ್ಲ, ಕೊನೆಯವರೆಗೂ ತಾವೇ ನೋಡಿಕೊಂಡರು.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಕೆಲಸ ಮಾಡಿದ ಎರಡು ಆಸ್ಪತ್ರೆಗಳಲ್ಲಿ ಇವತ್ತಿಗೂ ನರ್ಸ್‌ಗಳಿಗೆ ಬಟ್ಟೆ ಬದಲಾಯಿಸುವ ಸರಿಯಾದ ಕೋಣೆ ಇರಲಿಲ್ಲ. ಒಂದರಲ್ಲಿ ಲಿನನ್ ರೂಮು, ಒಳಗಡೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಹೊಡೆದಾಟ, ಬೈಗುಳ ಆದರೆ ದೂರು ಕೊಡಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಇದೆ, ಅದು ನರ್ಸ್‌ಗಳಿಗೂ ಅನ್ವಯಿಸುತ್ತದೆ. ಆದರೆ ಚಿಲಕ ಹಾಕಿಸಲು ಕಾಯ್ದೆ ಬೇಕಾ? ಒಬ್ಬ ಬಡಗಿ ಅರ್ಧ ಗಂಟೆಯಲ್ಲಿ ಹಾಕುತ್ತಾನೆ.

ಕಲಬುರಗಿ ಹುಡುಗ (ಸಂಜೆ 4:10)

ನಮ್ಮ ಅಮ್ಮ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್, ಏಜೆನ್ಸಿ ಮೂಲಕ. ನೀವು ನರ್ಸ್‌ಗಳು ಮಾತಾಡುವ ಜಾಗದಲ್ಲಿ ಬರೆಯುತ್ತಿದ್ದೇನೆ, ಆದರೆ ಇದು ಹೇಳಲೇಬೇಕು. ಸೂಜಿಯನ್ನು ಬಿಳಿ ಡಬ್ಬಿಗೆ ಹಾಕಬೇಕು ಅಲ್ವಾ? ಅವಸರದಲ್ಲಿ ಹಳದಿ ಚೀಲಕ್ಕೆ ಹಾಕಿಬಿಡುತ್ತಾರೆ, ರಕ್ತ ಆದ ಹತ್ತಿ ಜೊತೆ. ಅಮ್ಮ ಚೀಲ ಎತ್ತಿ ಹೊರಟರೆ ಅದು ತೊಡೆಗೆ ತಾಗುತ್ತದೆ. ಎರಡು ಸಲ ಚುಚ್ಚಿದೆ, ಸೀರೆಯ ಮೇಲಿಂದ. ಅದು ಯಾರ ಸೂಜಿ ಅಂತ ಯಾರನ್ನು ಕೇಳುವುದು? ಪಿಇಪಿ ಅನ್ನುವ ಹೆಸರನ್ನು ನಾನು ನಿನ್ನೆ ಇಲ್ಲಿ ಮೊದಲ ಸಲ ಓದಿದೆ.

ಮೂರನೇ ಮಹಡಿ ಸಿಸ್ಟರ್ (ಸಂಜೆ 4:45)

ತಮ್ಮಾ, ನಾನೂ ಅವಸರದಲ್ಲಿ ಹಾಗೆ ಹಾಕಿದ್ದೇನೆ. ಒಂದು ಸಲ ಅಲ್ಲ. ಅಮ್ಮನಿಗೆ ಲಸಿಕೆ ಆಗಿದೆಯಾ ಕೇಳು. ಇಲ್ಲ ಅಂದರೆ ಈ ವಾರವೇ ಕರೆದುಕೊಂಡು ಹೋಗು. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಮೂರನೆಯದನ್ನು ನನ್ನ ಹಾಗೆ ಬಿಡಬೇಡಿ.

ಹಳೇ ಸಿಸ್ಟರಮ್ಮ (ಸಂಜೆ 5:00)

ಯಾರ ಸೂಜಿ ಅಂತ ಗೊತ್ತಾಗದಿದ್ದರೂ ಡಾಕ್ಟರ್ ನೋಡಿ ನಿರ್ಧಾರ ಮಾಡುತ್ತಾರೆ ಕಣಪ್ಪಾ. ಗೊತ್ತಿಲ್ಲ ಅಂತ ಮನೆಯಲ್ಲಿ ಕೂರುವುದು ಬೇಡ. ಏಜೆನ್ಸಿಯವರಾದರೂ ಆ ಲಸಿಕೆ ನಿಯಮ ಅವರಿಗೂ ಸೇರುತ್ತದೆ, ಬಿಟ್ಟುಕೊಡಬೇಡಿ.

ಕೀಮೋ ವಾರ್ಡ್ (ರಾತ್ರಿ 8:20)

ಚಿಕ್ಕದಾಗಿ. ಕ್ಯಾನ್ಸರ್ ವಾರ್ಡಿನಲ್ಲಿ ಸೂಜಿ ಅಲ್ಲದೆ ಔಷಧಿಯೇ ಅಪಾಯ. ಸೈಕ್ಲೋಫಾಸ್ಫಮೈಡ್‌ನಂಥ ಔಷಧಿಯನ್ನು ಸೇಫ್ಟಿ ಕ್ಯಾಬಿನೆಟ್ ಒಳಗೆ ಬೆರೆಸಬೇಕು. ನಾನು ಮೊದಲು ಇದ್ದ ಕಡೆ ಕಿಟಕಿ ಪಕ್ಕ ಮೇಜಿನ ಮೇಲೆ ಬೆರೆಸುತ್ತಿದ್ದೆವು, ಮಾಮೂಲಿ ಮಾಸ್ಕ್ ಹಾಕಿಕೊಂಡು. ಬಸುರಿ ಅಂತ ಗೊತ್ತಾದ ಮೇಲೂ ಎರಡು ತಿಂಗಳು ಅದೇ ಕೆಲಸ ಕೊಟ್ಟರು. ಮಗು ಉಳಿಯಲಿಲ್ಲ. ಅದರಿಂದಲೇ ಅಂತ ಯಾರೂ ಖಚಿತವಾಗಿ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಬಸುರಿ, ಬಾಣಂತಿಯರು, ಮಗು ಬೇಕು ಅಂದುಕೊಂಡವರು ಡ್ಯೂಟಿ ಬದಲಾಯಿಸಿ ಅಂತ ಬರವಣಿಗೆಯಲ್ಲಿ ಕೇಳಿ. ನಾನು ಬಾಯಿಮಾತಿನಲ್ಲಿ ಕೇಳಿದ್ದೆ.

ಮಲೆನಾಡಿನ ಸ್ಕೂಟಿ (ರಾತ್ರಿ 9:05)

ಅಕ್ಕ, ಓದಿ ಕಣ್ಣು ತುಂಬಿತು.

ರಾತ್ರಿ ಡ್ಯೂಟಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 8, ಹ್ಯಾಂಡ್ ಓವರ್ ಮುಗಿಯುವಾಗ ಒಂಬತ್ತು. ಸತತ ಏಳು ರಾತ್ರಿ. ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ ಕೆಲಸ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 2007ರಲ್ಲಿ ಹೇಳಿತ್ತು, 2019ರಲ್ಲಿ ಮತ್ತೆ ನೋಡಿ ಅದನ್ನೇ ಉಳಿಸಿಕೊಂಡಿದೆ. ಅದು ದೂರದ ಮಾತು. ಹತ್ತಿರದ್ದು ಹೇಳುತ್ತೇನೆ. ಐದನೇ ರಾತ್ರಿ ಮುಗಿಸಿ ಸ್ಕೂಟಿಯಲ್ಲಿ ಬರುವಾಗ ನಿದ್ದೆ ಹೋದೆ. ಎಚ್ಚರ ಆದಾಗ ಅಡಿಕೆ ತೋಟದ ಬೇಲಿಯಲ್ಲಿದ್ದೆ. ತೋಳಿನ ಮೂಳೆ ಮುರಿದಿತ್ತು. ಡ್ಯೂಟಿ ಮುಗಿದ ಮೇಲೆ ಆಗಿದ್ದು, ನಮಗೆ ಸಂಬಂಧ ಇಲ್ಲ ಅಂದರು.

ಕಾನೂನು ಓದಿದವನು (ರಾತ್ರಿ 9:30)

ಹಾಗೆ ಸುಲಭವಾಗಿ ಬಿಡಬೇಡಿ. ಇಎಸ್‌ಐ ಇದ್ದರೆ, ಕೆಲಸಕ್ಕೆ ಹೋಗುವಾಗ ಬರುವಾಗ ಆಗುವ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟದ್ದು ಅಂತ ತೋರಿಸಲು ಅವಕಾಶ ಇದೆ, ಸಮಯ, ಜಾಗ, ಕೆಲಸ ಮೂರೂ ಹೊಂದಿಕೆಯಾಗಬೇಕು. ಡ್ಯೂಟಿ ರೋಸ್ಟರ್ ಪ್ರತಿ ಇಟ್ಟುಕೊಂಡು ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿ.

ಸಂಬಳದ ಬಗ್ಗೆ ಕೇಳಿ ಇಬ್ಬರು ಮೆಸೇಜ್ ಮಾಡಿದ್ದಾರೆ, ಇಲ್ಲೇ ಹೇಳುತ್ತೇನೆ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರದ ಸಮಿತಿ ಶಿಫಾರಸು ಕೊಟ್ಟಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ 20,000ಕ್ಕಿಂತ ಕಡಿಮೆ ಇರಬಾರದು. 200ಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ನರ್ಸ್‌ಗೆ ಸಮ. ಇದು ಶಿಫಾರಸು, ಜಾರಿ ಮಾಡಬೇಕಾದದ್ದು ರಾಜ್ಯಗಳು.

ಮೂರನೇ ಮಹಡಿ ಸಿಸ್ಟರ್ (ರಾತ್ರಿ 9:50)

ನನಗೆ 14,500. 60 ಹಾಸಿಗೆ.

ಮೂರನೇ ಮಹಡಿ ಸಿಸ್ಟರ್ (ಮೂರನೇ ದಿನ, ಸಂಜೆ 6:15)

ತಾತನ ಮಗಳು ಒಂದೇ ಮಾತಿಗೆ ಒಪ್ಪಿದರು. "ನಮ್ಮಪ್ಪನಿಂದ ನಿನಗೆ ಹೀಗಾಯ್ತಲ್ಲಮ್ಮಾ" ಅಂತ ನನ್ನ ಕೈ ಹಿಡಿದುಕೊಂಡರು. ರಿಪೋರ್ಟ್ ಬಂದಿದೆ. ಎಚ್‌ಐವಿ ನೆಗೆಟಿವ್. ಸಿ ನೆಗೆಟಿವ್. ಬಿ ಪಾಸಿಟಿವ್.

ನನ್ನ ರಿಪೋರ್ಟ್ ಎಲ್ಲವೂ ನೆಗೆಟಿವ್. ಪಿಇಪಿ ಮಾತ್ರೆ ನಿಲ್ಲಿಸಬಹುದು ಅಂತ ಡಾಕ್ಟರ್ ಹೇಳಿದರು. ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಬೇಕೇ ಬೇಕು. ಅದರ ಬೆಲೆ ಕೇಳಿ ಗಾಬರಿ ಆಯಿತು. ಇಮೇಲ್ ಬರೆದೆ, ಮೇಲೆ ಹೇಳಿದ ಹಾಗೆ ನಾಲ್ಕೇ ಸಾಲು. ಒಂದು ಗಂಟೆಯಲ್ಲಿ ಅಡ್ಮಿನ್ ಕರೆಸಿದರು. ಮೊದಲು ದನಿ ಏರಿಸಿದರು, "ಇಮೇಲ್ ಯಾಕೆ ಹಾಕಿದೆ, ಬಾಯಲ್ಲಿ ಹೇಳಬಹುದಿತ್ತಲ್ಲ" ಅಂತ. ನಾನು ಬಾಯಲ್ಲಿ ಹೇಳಿದ್ದೆ ಸಾರ್ ಅಂದೆ. ಕೈ ನಡುಗುತ್ತಿತ್ತು, ಆದರೂ ಅಂದೆ. ಇಂಜೆಕ್ಷನ್ ಆಸ್ಪತ್ರೆ ಫಾರ್ಮಸಿಯಿಂದಲೇ ತರಿಸಿದರು. ಇವತ್ತು ಮಧ್ಯಾಹ್ನ ಹಾಕಿಸಿಕೊಂಡೆ.

ಹಳೇ ಸಿಸ್ಟರಮ್ಮ (ಸಂಜೆ 6:22)

ಏಳು ದಿನ ದಾಟೀತು ಅಂತ ಹೆದರಿದ್ದೆ, ಅದರೊಳಗೇ ಆಯಿತು. ರಿಜಿಸ್ಟರಿನಲ್ಲಿ ಬರೆದೆಯಾ?

ಮೂರನೇ ಮಹಡಿ ಸಿಸ್ಟರ್ (ಸಂಜೆ 6:30)

ಬರೆದೆ. ರಿಜಿಸ್ಟರ್ ಇತ್ತು ಅಮ್ಮಾ, ಬೀರುವಿನಲ್ಲಿ. ಹಸಿರು ರಟ್ಟಿನದು, ಮೇಲೆ ಚೆಂದಕ್ಕೆ ಲೇಬಲ್ ಅಂಟಿಸಿದ್ದಾರೆ. ಮೂರು ವರ್ಷ ಹಿಂದೆ ಗೆರೆ ಹಾಕಿ, ತಲೆಬರಹ ಬರೆದು, ಪುಟಕ್ಕೆ ನಂಬರ್ ಕೊಟ್ಟಿದ್ದಾರೆ. ಒಂದು ಹೆಸರೂ ಇಲ್ಲ. ಸಾಲು ನಂಬರ್ 1 ನನ್ನದು. ನಾನು ಬರೆಯುತ್ತಿರುವಾಗ ಪಕ್ಕದಲ್ಲಿ ನಿಂತಿದ್ದ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್ "ನನ್ನದೂ ಬರೀಬಹುದಾ? ಎರಡು ತಿಂಗಳಾಯ್ತು" ಅಂತ ಕೇಳಿದರು.

ಇನ್‌ಚಾರ್ಜ್ ಆಗಿರುವವಳು (ಸಂಜೆ 7:10)

ಬರೆಯಲಿ. ದಿನಾಂಕ ಎರಡು ತಿಂಗಳ ಹಿಂದಿನದೇ ಹಾಕಲಿ, ಬರೆದ ದಿನಾಂಕವನ್ನೂ ಪಕ್ಕದಲ್ಲಿ ಹಾಕಲಿ. ಟೆಸ್ಟ್ ಮಾಡಿಸಿಕೊಳ್ಳಲು ಹೇಳಿ.

ನಾನು ಫೋನ್ ಮಾಡಿದೆ. ಆ ಹುಡುಗಿ ಟೆಸ್ಟ್ ಮಾಡಿಸಿಕೊಂಡಿರಲಿಲ್ಲ. ನಾಳೆ ಹೋಗುತ್ತಾಳೆ.

ಮೂರನೇ ಮಹಡಿ ಸಿಸ್ಟರ್ (ಏಳು ತಿಂಗಳ ನಂತರ)

ಯಾರಾದರೂ ಹುಡುಕಿಕೊಂಡು ಬಂದು ಓದಿದರೆ ಅರ್ಧಕ್ಕೇ ನಿಲ್ಲಬಾರದು ಅಂತ ಬರೆಯುತ್ತಿದ್ದೇನೆ. ಆ ತಾತ ಅದೇ ತಿಂಗಳು ತೀರಿಕೊಂಡರು. ಮಗಳು ಹನ್ನೊಂದನೇ ದಿನದ ಊಟಕ್ಕೆ ಕರೆದಿದ್ದರು, ಹೋಗಿ ಬಂದೆ.

ಆರು ತಿಂಗಳ ಟೆಸ್ಟ್ ಆಯಿತು, ಹೆಪಟೈಟಿಸ್ ಬಿ ನೆಗೆಟಿವ್. ರಾತ್ರಿ ಪಾಳಿಗೆ ಈಗಲೂ ಇಬ್ಬರೇ, ಅದು ಬದಲಾಗಿಲ್ಲ. ಸೂಜಿ ಕತ್ತರಿಸುವ ಹಬ್ ಕಟರ್ ಮತ್ತು ಬಿಳಿ ಡಬ್ಬಿ ಟ್ರಾಲಿ ಮೇಲೆ ಬಂದಿವೆ, ಮೊದಲು ಕಾರಿಡಾರಿನ ಕೊನೆಯಲ್ಲಿ ಇರುತ್ತಿದ್ದವು. ಹೌಸ್‌ಕೀಪಿಂಗ್ ಅಮ್ಮಂದಿರಿಗೂ ಸೇರಿಸಿ ಎಲ್ಲರಿಗೂ ಲಸಿಕೆ ಹಾಕಿಸಿದರು. ರಿಜಿಸ್ಟರಿನಲ್ಲಿ ಈಗ 8 ಸಾಲು.

ಹಳೇ ಸಿಸ್ಟರಮ್ಮ

ಲಸಿಕೆ ಹಿಡಿದಿದೆಯಾ ಅಂತ ಟೈಟರ್ ನೋಡಿಸಿದೆಯಾ? ಎಷ್ಟು ಬಂತು?

ಮೂರನೇ ಮಹಡಿ ಸಿಸ್ಟರ್

312.

ಹಳೇ ಸಿಸ್ಟರಮ್ಮ

10 ದಾಟಿದರೆ ಸಾಕು ಮಗಳೇ. ಆ ಕಾಗದ ಜೋಪಾನವಾಗಿ ಇಟ್ಟುಕೋ, ಮುಂದೆ ಯಾವ ಆಸ್ಪತ್ರೆ ಸೇರಿದರೂ ತೋರಿಸು.